ಉಬ್ಬರದ ಊರು, ಓಟದ ತಾಳ

ಬ್ರಿಸ್ಟಲ್ ನಗರಕ್ಕೆ ಮೊದಲ ಸಲ ಹೋದವರು ಏವನ್ ನದಿಯನ್ನು ಒಂದೇ ದಿನದಲ್ಲಿ ಎರಡು ಸಲ ನೋಡಬೇಕು. ಬೆಳಿಗ್ಗೆ ದಡ ಮುಟ್ಟಿ ಹರಿಯುತ್ತಿದ್ದ ನದಿ ಮಧ್ಯಾಹ್ನ ಮಾಯವಾಗಿರುತ್ತದೆ. ಉಳಿಯುವುದು ಎರಡೂ ಕಡೆ ಹೊಳೆಯುವ ಕಂದು ಕೆಸರಿನ ಇಳಿಜಾರು, ನಡುವೆ ಸಣ್ಣ ಕಾಲುವೆಯಂಥ ನೀರು. ಸಂಜೆಯ ಹೊತ್ತಿಗೆ ಮತ್ತೆ ನದಿ ತುಂಬುತ್ತದೆ. ಇದು ಮಳೆಯ ಆಟವಲ್ಲ, ಕಡಲಿನ ಉಬ್ಬರ ಇಳಿತದ ಆಟ. ಮಂಗಳೂರಿನ ಕಡಲಲ್ಲಿ ಈ ಏರಿಳಿತ ಎರಡು ಮೀಟರನ್ನೂ ಮುಟ್ಟುವುದಿಲ್ಲ. ಏವನ್ ಕಡಲು ಸೇರುವಲ್ಲಿ ದೊಡ್ಡ ಉಬ್ಬರದ ದಿನಗಳಂದು ಅದು 12 ಮೀಟರಿಗೂ ಹೆಚ್ಚು, ಅಂದರೆ ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರ!

ಕಾರಣ ಸರಳವಾಗಿದೆ. ಬ್ರಿಸ್ಟಲ್ ಕಡಲ್ಗಾಲುವೆ ಲಾಳಿಕೆಯ ಆಕಾರದಲ್ಲಿದೆ. ಅಗಲವಾದ ಬಾಯಿಂದ ನುಗ್ಗಿದ ನೀರು ಒಳಗೆ ಹೋದಂತೆ ಇಕ್ಕಟ್ಟಾಗಿ ಮೇಲೇರುತ್ತದೆ. ಜೊತೆಗೆ, ಆ ಕಾಲುವೆಯ ನೀರು ತಾನಾಗಿ ತೂಗುವ ಅವಧಿಯೂ ಉಬ್ಬರದ ಅವಧಿಯಾದ ಹನ್ನೆರಡೂವರೆ ಗಂಟೆಯೂ ಹತ್ತಿರ ಹತ್ತಿರ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಸಣ್ಣ ಕೈಯೂ ದೊಡ್ಡ ತೂಗಾಟ ಎಬ್ಬಿಸುವುದಿಲ್ಲವೆ, ಹಾಗೆ. ಅನುರಣನವೆಂದು ಎಂಟು ಒಂಬತ್ತನೆಯ ತರಗತಿಯಲ್ಲಿ ಓದುವುದು ಇದನ್ನೇ. ಹೊತ್ತು ಸರಿಯಿದ್ದರೆ ಸಣ್ಣ ಪೆಟ್ಟಿಗೂ ದೊಡ್ಡ ಫಲ ಎಂಬ ಈ ಮಾತು ಬ್ರಿಸ್ಟಲ್ಲಿನ ಇನ್ನೊಂದು ಹೆಸರುವಾಸಿ ವಸ್ತುವಿಗೂ ಸಲ್ಲುತ್ತದೆ. ಅದು ಅಲ್ಲಿನ ಸಂಗೀತ. ಅದರಲ್ಲೂ ಡ್ರಮ್ ಅಂಡ್ ಬೇಸ್ ಎಂಬ ಓಟದ ತಾಳದ ಸಂಗೀತ, ಮತ್ತು ಅದನ್ನು ಬ್ರಿಟನ್ನಿನ ಅತಿ ಗೌರವದ ಬಹುಮಾನದ ವೇದಿಕೆಗೆ ಏರಿಸಿದ ರಾನಿ ಸೈಜ್ ಎಂಬಾತ.

ಹಡಗುಗಳು ದಿನಕ್ಕೆರಡು ಬಾರಿ ಕೆಸರಿನಲ್ಲಿ ಕೂರಬೇಕಾಗಿದ್ದ ಈ ಊರಿನಲ್ಲಿ 1809ರಲ್ಲಿ ಬಾಗಿಲು ಹಾಕಿ ನೀರನ್ನು ಹಿಡಿದಿಡುವ ಬಂದರು ಸಿದ್ಧವಾಯಿತು. ಇಂದಿಗೂ ಊರ ನಡುವೆ ಅದೇ ನೀರು. ದಡದಲ್ಲಿ 1843ರಲ್ಲಿ ತೇಲಿಬಿಟ್ಟ ಬ್ರುನೆಲ್ ಎಂಜಿನಿಯರನ ಕಬ್ಬಿಣದ ಹಡಗು 'ಗ್ರೇಟ್ ಬ್ರಿಟನ್' ನಿಂತಿದೆ. ಕಣಿವೆಯ ಮೇಲೆ ಅವನದೇ ಕಲ್ಪನೆಯ ಕ್ಲಿಫ್ಟನ್ ತೂಗುಸೇತುವೆ. ಅದು ಪೂರ್ತಿಯಾದದ್ದು 1864ರಲ್ಲಿ. ಅವನು ತೀರಿಕೊಂಡು ಆಗಲೇ ಐದು ವರ್ಷ.

ಆದರೆ ಈ ಬಂದರಿನ ಸಿರಿಗೆ ಕಪ್ಪು ಮುಖವೊಂದಿದೆ. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿಂದ ಹೊರಟ ಹಡಗುಗಳು ಆಫ್ರಿಕದ ಸುಮಾರು ಐದು ಲಕ್ಷ ಜನರನ್ನು ಗುಲಾಮರಾಗಿ ಸಾಗಿಸಿದವು. ಅವರಲ್ಲಿ ಬಹಳಷ್ಟು ಮಂದಿ ಇಳಿದದ್ದು ಜಮೈಕದಂಥ ಸಕ್ಕರೆಯ ದ್ವೀಪಗಳಲ್ಲಿ. ಆ ವ್ಯಾಪಾರದಲ್ಲಿ ಹಣ ಮಾಡಿದ ಎಡ್ವರ್ಡ್ ಕೋಲ್‌ಸ್ಟನ್‌ಗೆ 1895ರಲ್ಲಿ ಊರ ನಡುವೆ ಪ್ರತಿಮೆ ನಿಲ್ಲಿಸಲಾಗಿತ್ತು. 2020ರ ಜೂನ್ 7ರಂದು ಜನ ಅದನ್ನು ಹಗ್ಗ ಹಾಕಿ ಉರುಳಿಸಿ, ಎಳೆದು ತಂದು ಇದೇ ಬಂದರಿನ ನೀರಿಗೆ ನೂಕಿದರು. ಮೇಲೆತ್ತಿದ ಪ್ರತಿಮೆಯನ್ನು ಬಳಿಕ ಬಂದರಿನ ದಡದ 'ಎಂ ಶೆಡ್' ವಸ್ತುಸಂಗ್ರಹಾಲಯದಲ್ಲಿ, ಮೈಮೇಲಿನ ಬಣ್ಣದ ಗೀಚುಗಳನ್ನು ಅಳಿಸದೆ, ಅಂಗಾತ ಮಲಗಿಸಿ ತೋರಿಸಲಾಯಿತು. ಇತಿಹಾಸದ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಕ್ಕುವುದು ಕಷ್ಟ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜಮೈಕದ ಜನ ಕೆಲಸ ಹುಡುಕಿ ಬ್ರಿಟನ್ನಿಗೆ ಬಂದರು. ಬ್ರಿಸ್ಟಲ್ಲಿಗೆ ಬಂದವರಲ್ಲಿ ಅನೇಕರು ನೆಲೆಸಿದ್ದು ಸೇಂಟ್ ಪಾಲ್ಸ್ ಎಂಬ ಬಡಾವಣೆಯಲ್ಲಿ. ಒಂದು ಕಾಲಕ್ಕೆ ಶ್ರೀಮಂತರಿದ್ದ ಎತ್ತರದ ಹಳೆಯ ಮನೆಗಳು ಅವು. ಆ ಹೊತ್ತಿಗೆ ಶಿಥಿಲವಾಗಿ, ಕೋಣೆ ಕೋಣೆಯಾಗಿ ಬಾಡಿಗೆಗೆ ಹೋಗುತ್ತಿದ್ದವು. ಊರಿನ ಬಸ್ ಕಂಪೆನಿ ಕರಿಯರನ್ನಾಗಲಿ ಏಷ್ಯದವರನ್ನಾಗಲಿ ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. 1963ರಲ್ಲಿ ಗೈ ಬೇಲಿ ಎಂಬ ತರುಣನಿಗೆ ಸಂದರ್ಶನಕ್ಕೆ ಕರೆ ಬಂತು. ಅವನ ಮೈಬಣ್ಣ ಕಪ್ಪು ಎಂದು ಗೊತ್ತಾದೊಡನೆ ಅದು ರದ್ದಾಯಿತು. ಪಾಲ್ ಸ್ಟೀಫನ್‌ಸನ್, ರಾಯ್ ಹ್ಯಾಕೆಟ್, ಓವನ್ ಹೆನ್ರಿ ಮೊದಲಾದವರು ಬಸ್ಸು ಹತ್ತಬೇಡಿರೆಂದು ಜನರಿಗೆ ಕರೆ ಕೊಟ್ಟರು. ನಾಲ್ಕು ತಿಂಗಳ ಹೋರಾಟದ ಬಳಿಕ ಆಗಸ್ಟ್ 28ರಂದು ಕಂಪೆನಿ ಮಣಿಯಿತು. ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸಿನ ಭಾಷಣ ಮಾಡಿದ್ದೂ ಅದೇ ದಿನ. ಆ ಗೆಲುವಿನ ಮೊದಲ ಫಲ ಸಿಕ್ಕಿದ್ದು ಒಬ್ಬ ಭಾರತೀಯನಿಗೆ. ಸೆಪ್ಟೆಂಬರಿನಲ್ಲಿ ಟಿಕೆಟ್ ಚೀಲ ಹೆಗಲಿಗೇರಿಸಿದ ಮೊದಲ ಬಿಳಿಯನಲ್ಲದ ಕಂಡಕ್ಟರ್ ರಘಬೀರ್ ಸಿಂಗ್ ಎಂಬ ಸಿಖ್ಖರು.

ಭಾರತೀಯರಿಗೆ ಬ್ರಿಸ್ಟಲ್ಲಿನ ನಂಟು ಇನ್ನೂ ಹಳೆಯದು. ರಾಜಾ ರಾಮಮೋಹನ ರಾಯರು 1833ರಲ್ಲಿ ಕಾಲವಾದದ್ದು ಇಲ್ಲಿ. ಆರ್ನೋಸ್ ವೇಲ್ ಸ್ಮಶಾನದಲ್ಲಿ ಅವರ ಸಮಾಧಿಯ ಮೇಲಿನ ಬಂಗಾಳಿ ಮಾದರಿಯ ಛತ್ರಿಯನ್ನು ನೋಡಿ ಬರುವವರು ಇದ್ದಾರೆ. ಊರ ನಡುವಿನ ಕಾಲೇಜ್ ಗ್ರೀನ್‌ನಲ್ಲಿ ಅವರ ಪ್ರತಿಮೆ ನಿಂತದ್ದು 1997ರಲ್ಲಿ. ಆ ವರ್ಷ ನೆನಪಿನಲ್ಲಿರಲಿ, ಮುಂದೆ ಮತ್ತೆ ಬರುತ್ತದೆ.

ಜಮೈಕದಿಂದ ಬಂದವರು ತಮ್ಮೊಡನೆ ಒಂದು ಅಭ್ಯಾಸವನ್ನೂ ತಂದಿದ್ದರು, ಸೌಂಡ್ ಸಿಸ್ಟಮ್. ಬೀರುವಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಸ್ವಂತ ಕೈಯಿಂದ ಮಾಡಿ, ಒಂದರ ಮೇಲೊಂದು ಪೇರಿಸಿ, ಬೀದಿಯಲ್ಲೋ ಯಾರದೋ ಮನೆಯ ನೆಲಮಾಳಿಗೆಯಲ್ಲೋ ರೆಕಾರ್ಡು ಹಾಕಿ ಕುಣಿಯುವುದು. ಪೆಟ್ಟಿಗೆ ದೊಡ್ಡದಾಗಿರುವುದು ಬರಿಯ ಜಂಬಕ್ಕಲ್ಲ. ಮಂದ್ರ ಸ್ವರದ ಅಲೆ ಬಲು ಉದ್ದ. ಸೆಕೆಂಡಿಗೆ 50 ಕಂಪನದ ನಾದಕ್ಕೆ ಗಾಳಿಯಲ್ಲಿ ಸುಮಾರು ಏಳು ಮೀಟರ್ ಅಲೆಯುದ್ದ. ಅಷ್ಟು ಉದ್ದದ ಅಲೆಯನ್ನು ಜೋರಾಗಿ ಎಬ್ಬಿಸಲು ತುಂಬ ಗಾಳಿಯನ್ನು ಅಲುಗಿಸಬೇಕು. ಅದು ಅಂಗೈಯಗಲದ ಸ್ಪೀಕರಿನ ಕೈಲಾಗುವ ಕೆಲಸವಲ್ಲ. ಕೇಳುವವನಿಗೂ ಆ ನಾದ ಕಿವಿಯಲ್ಲಿ ಮಾತ್ರವಲ್ಲ, ಎದೆಗೂಡಿನಲ್ಲೂ ತಾಕುತ್ತದೆ. 1968ರಲ್ಲಿ ಶುರುವಾದ ಸೇಂಟ್ ಪಾಲ್ಸ್ ಉತ್ಸವದ ಬೀದಿಗಳಲ್ಲಿ ಬೆಳೆದ ಮಕ್ಕಳಿಗೆ ಈ ಎದೆಯ ನಡುಕ ಜೋಗುಳದಷ್ಟೇ ಸಹಜವಾಗಿತ್ತು.

ಪೊಲೀಸರ ಮೇಲಿನ ಅಪನಂಬಿಕೆ, ನಿರುದ್ಯೋಗ ಎಲ್ಲ ಸೇರಿ 1980ರ ಏಪ್ರಿಲ್ 2ರಂದು ಸೇಂಟ್ ಪಾಲ್ಸ್‌ನಲ್ಲಿ ಗಲಭೆಯೆದ್ದಿತು. ಒಂದು ಕಾಫಿ ಹೋಟೆಲಿನ ಮೇಲೆ ನಡೆದ ಪೊಲೀಸ್ ದಾಳಿ ಅದಕ್ಕೆ ಕಿಡಿ. ಪತ್ರಿಕೆಗಳಲ್ಲಿ ಈ ಬಡಾವಣೆಯ ಹೆಸರು ಬಂದದ್ದೆಲ್ಲ ಆ ಬಳಿಕ ಕೆಟ್ಟ ಸುದ್ದಿಯಾಗಿಯೇ. ಅಲ್ಲಿಂದ ತುಸು ಉತ್ತರಕ್ಕೆ, ನಡೆದೇ ಹೋಗಬಹುದಾದ ದೂರದಲ್ಲಿ, ಸೇಂಟ್ ಆಂಡ್ರ್ಯೂಸ್ ಎಂಬ ಬಡಾವಣೆಯಿದೆ. ಆ ಗಲಭೆಯ ಹೊತ್ತಿಗೆ ಅಲ್ಲಿ ಹತ್ತು ವರ್ಷದ ಹುಡುಗನೊಬ್ಬನಿದ್ದ. ಹೆಸರು ರಯನ್ ವಿಲಿಯಮ್ಸ್. ಜಮೈಕದಿಂದ ಬಂದ ತಂದೆ ತಾಯಿಯರ ಮಗ, ಹುಟ್ಟಿದ್ದು 1969ರ ಅಕ್ಟೋಬರ್ 29ರಂದು. ಇವನೇ ಮುಂದಿನ ರಾನಿ ಸೈಜ್.

ಶಾಲೆಯ ಹೊರಗೆ

ಪಕ್ಕದ ಬಿಷಪ್‌ಸ್ಟನ್ ಬಡಾವಣೆಯಲ್ಲಿ ಬಿಷಪ್ ರೋಡ್ ಶಾಲೆಯಿದೆ. ವಿಜ್ಞಾನ ಓದಿದವರು ಅದರ ಮುಂದೆ ಒಂದು ನಿಮಿಷ ನಿಲ್ಲದೆ ಹೋಗಲಾರರು. ಪ್ರತಿಕಣದ ಇರವನ್ನು ಬರಿಯ ಸಮೀಕರಣದಿಂದ ಮೊದಲೇ ಹೇಳಿದ, 1933ರಲ್ಲಿ ನೊಬೆಲ್ ಪಡೆದ ಪಾಲ್ ಡಿರಾಕ್ ಅಕ್ಷರ ಕಲಿತ ಶಾಲೆ ಅದು. ಡಿರಾಕ್ ಎಂಜಿನಿಯರಿಂಗ್ ಮುಗಿಸಿದಾಗ ಕೆಲಸ ಸಿಗಲಿಲ್ಲ, ಕೇಂಬ್ರಿಜ್‌ಗೆ ಹೋಗಲು ಹಣ ಸಾಲಲಿಲ್ಲ. ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಶುಲ್ಕವಿಲ್ಲದೆ ಗಣಿತ ಕಲಿಯಲು ಬಾಗಿಲು ತೆರೆದರು. ಆ ಬಾಗಿಲು ತೆರೆಯದಿದ್ದರೆ ಭೌತವಿಜ್ಞಾನದ ಕಥೆ ಏನಾಗುತ್ತಿತ್ತೋ!

ರಯನ್‌ನ ಪಾಲಿಗೆ ಮೊದಲು ಬಾಗಿಲು ಮುಚ್ಚಿತು. ಹದಿನಾರನೆಯ ವಯಸ್ಸಿನಲ್ಲಿ ಅವನನ್ನು ಶಾಲೆಯಿಂದ ಹೊರಗೆ ಹಾಕಿದರು. ಕರಿಯ ಹುಡುಗ, ಕೈಯಲ್ಲಿ ಸರ್ಟಿಫಿಕೇಟಿಲ್ಲ, ಊರಿನಲ್ಲಿ ಕೆಲಸವಿಲ್ಲ. ಅಂಥ ಮಗನನ್ನು ಮನೆಯಲ್ಲಿಟ್ಟುಕೊಂಡ ತಂದೆ ತಾಯಿಯರ ರಾತ್ರಿಗಳು ಹೇಗಿದ್ದಾವು ಎಂಬುದನ್ನು ಯಾವ ದೇಶದ ತಂದೆ ತಾಯಿಯೂ ಊಹಿಸಬಲ್ಲರು. ಆಗ ಊರಿನಲ್ಲಿ ವೈಲ್ಡ್ ಬಂಚ್ ಎಂಬ ಸೌಂಡ್ ಸಿಸ್ಟಮ್ ತಂಡದ ಕೂಟಗಳು ಹೆಸರಾಗಿದ್ದವು. ಇದೇ ತಂಡ ಮುಂದೆ ಮ್ಯಾಸಿವ್ ಅಟ್ಯಾಕ್ ಆಗಿ 1991ರಲ್ಲಿ 'ಬ್ಲೂ ಲೈನ್ಸ್' ಹೊರತಂದದ್ದು. ಹುಡುಗ ಆ ಕೂಟಗಳಿಗೆ ಹೋಗುತ್ತಿದ್ದ. ಅಷ್ಟೇ ಆಗಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಆದರೆ ಹತ್ತಿರದಲ್ಲೇ ಬೇಸ್‌ಮೆಂಟ್ ಪ್ರಾಜೆಕ್ಟ್ ಎಂಬ ತರುಣರ ಕೇಂದ್ರವಿತ್ತು. ಅಲ್ಲಿ ಬಳಸಿ ಬಳಸಿ ಸವೆದ ಒಂದು ಸ್ಯಾಂಪ್ಲರ್ ಯಂತ್ರವಿತ್ತು. ಮುಖ್ಯ ಸಂಗತಿಯೆಂದರೆ, ಅದನ್ನು ಮುಟ್ಟಬೇಡ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಪ್ರಯೋಗಶಾಲೆಯ ಬೀರುವಿಗೆ ಬೀಗ ಹಾಕಿ, ಉಪಕರಣಗಳನ್ನು ತಪಾಸಣೆಯ ದಿನ ಮಾತ್ರ ಹೊರತೆಗೆಯುವ ಶಾಲೆಗಳನ್ನು ಕಂಡವರಿಗೆ ಈ ಮಾತಿನ ತೂಕ ತಿಳಿದೀತು.

ಸ್ಯಾಂಪ್ಲರ್ ಎಂದರೇನು? ಯಾವುದೇ ಶಬ್ದದ ಕೆಲವು ಸೆಕೆಂಡುಗಳ ತುಣುಕನ್ನು ಅಂಕಿಗಳಾಗಿ ಬದಲಿಸಿ ನೆನಪಿನಲ್ಲಿಟ್ಟುಕೊಂಡು, ಗುಂಡಿ ಒತ್ತಿದಾಗ ಮತ್ತೆ ನುಡಿಸುವ ಯಂತ್ರ. ಆ ತುಣುಕನ್ನು ಕತ್ತರಿಸಬಹುದು, ತಿರುಗುಮುರುಗು ಮಾಡಬಹುದು, ವೇಗ ಹೆಚ್ಚಿಸಬಹುದು. ಆಗಿನ ಯಂತ್ರಗಳಲ್ಲಿ ನೆನಪಿಗೆ ಜಾಗ ಬಲು ಕಡಿಮೆ. ಅದರಿಂದಾಗಿ ಪ್ರತಿ ಸೆಕೆಂಡಿಗೂ ಬೆಲೆ.

ಡ್ರಮ್ ಅಂಡ್ ಬೇಸ್ ಹುಟ್ಟಿದ್ದು ಇಂಥ ತುಣುಕುಗಳಿಂದ. ಅವುಗಳಲ್ಲಿ ಬಲು ಪ್ರಸಿದ್ಧವಾದದ್ದು 1969ರಲ್ಲಿ ಅಮೆರಿಕದ ವಿನ್‌ಸ್ಟನ್ಸ್ ತಂಡ ಹೊರತಂದ 'ಆಮೆನ್, ಬ್ರದರ್' ಎಂಬ ಕೃತಿಯ ನಡುವೆ ಗ್ರೆಗರಿ ಕೋಲ್‌ಮನ್ ಎಂಬ ವಾದಕ ಒಬ್ಬನೇ ಬಾರಿಸಿದ ಡ್ರಮ್ಮಿನ ಆವರ್ತ. ಹದಿನಾರು ಪೆಟ್ಟಿನ ಅವಧಿ, ಸುಮಾರು ಏಳು ಸೆಕೆಂಡು. ಮೂಲದಲ್ಲಿ ಅದರ ನಡೆ ನಿಮಿಷಕ್ಕೆ ಸುಮಾರು 137 ಪೆಟ್ಟು. ಅದನ್ನು 170ಕ್ಕೆ ಓಡಿಸಿದರೆ ಏಳು ಸೆಕೆಂಡಿನದು ಐದೂಮುಕ್ಕಾಲರೊಳಗೆ ಮುಗಿಯುತ್ತದೆ. ರೆಕಾರ್ಡನ್ನು ಬೇಗ ತಿರುಗಿಸಿದರೆ ಗಂಡಸಿನ ದನಿ ಹುಡುಗನ ದನಿಯಾಗುವಂತೆ ಇಲ್ಲೂ ಶ್ರುತಿ ಏರುತ್ತದೆ. ಲೆಕ್ಕ ಹಾಕಿದರೆ ಷಡ್ಜದಲ್ಲಿದ್ದದ್ದು ಹೆಚ್ಚುಕಡಿಮೆ ಅಂತರ ಗಾಂಧಾರಕ್ಕೆ ಬರುತ್ತದೆ. ಚರ್ಮವಾದ್ಯದ ಗಂಭೀರ ದನಿ ಹೋಗಿ ಟಕಟಕ ಎನ್ನುವ ಬಿಗಿ ಬರುವುದು ಹೀಗೆ. ಆ ಬಿಗಿಯೇ ಈ ಸಂಗೀತದ ಗುರುತಾಯಿತು.

ಕೋಲ್‌ಮನ್ ಮಾತ್ರ ಇದರಿಂದ ಒಂದು ಕಾಸನ್ನೂ ಕಾಣಲಿಲ್ಲ. ಸಾವಿರಾರು ಹಾಡುಗಳಲ್ಲಿ ತನ್ನ ಏಳು ಸೆಕೆಂಡು ಓಡಾಡುತ್ತಿದ್ದಾಗ 2006ರಲ್ಲಿ ಆತ ಮನೆಯಿಲ್ಲದೆ ಸತ್ತ. 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್‌ಗೆ ಸುಮಾರು 24 ಸಾವಿರ ಪೌಂಡು ಮುಟ್ಟಿಸಿದರು. ಬಾರಿಸಿದವನ ಕೈಗೆ ಅದು ತಲುಪುವಂತಿರಲಿಲ್ಲ. ಈ ಸಂಗೀತವನ್ನು ಹೊಗಳುವ ಬರಹಗಳಲ್ಲಿ ಈ ಮಾತು ಸಾಮಾನ್ಯವಾಗಿ ಕೊನೆಗೆ, ಸಣ್ಣ ದನಿಯಲ್ಲಿ ಬರುತ್ತದೆ. ನಡುವಿನಲ್ಲೇ ಬರುವುದು ನ್ಯಾಯ.

ಮೊದಲ ಸಲ ಕೇಳುವ ಹಿರಿಯರಿಗೆ ಇದು ಬರಿಯ ಗದ್ದಲ. ನಿಮಿಷಕ್ಕೆ 170 ಪೆಟ್ಟಿಗೆ ಕಾಲು ಕುಣಿಯುವುದಾದರೂ ಹೇಗೆ ಎಂದು ಕೇಳಿಯಾರು. ಗುಟ್ಟು ಕೆಳಗಿನ ಬೇಸ್ ಸ್ವರಗಳಲ್ಲಿದೆ. ಡ್ರಮ್ಮು 170ರಲ್ಲಿ ಓಡುತ್ತಿರುವಾಗ ಬೇಸ್ ಅದರ ಅರ್ಧ ವೇಗದಲ್ಲಿ, 85ರಲ್ಲಿ ಸಾವಕಾಶವಾಗಿ ನಡೆಯುತ್ತದೆ. ಸಂಗೀತ ಪಾಠಕ್ಕೆ ಹೋಗುವ ಮಕ್ಕಳು ಒಂದೇ ತಾಳ ಹಾಕಿಕೊಂಡು ವರಸೆಯನ್ನು ಒಂದನೆಯ ಕಾಲದಲ್ಲಿ, ಎರಡನೆಯ ಕಾಲದಲ್ಲಿ ಹಾಡುವುದುಂಟು. ಇಲ್ಲಿ ಎರಡೂ ಕಾಲ ಒಟ್ಟಿಗೇ ಕೇಳುತ್ತವೆ. ಮೇಲೆ ಅಮೆರಿಕದ ಡ್ರಮ್ಮಿನ ಓಟ, ಕೆಳಗೆ ಜಮೈಕದ ಬೇಸ್‌ನ ನಡಿಗೆ. ಕುಣಿಯುವವನು ತನ್ನ ಶಕ್ತಿಗೆ ತಕ್ಕದ್ದನ್ನು ಆರಿಸಿಕೊಳ್ಳಬಹುದು.

ಲಂಡನ್ ದಾರಿ

ಈ ಪ್ರಕಾರದ ತವರು ಲಂಡನ್. ತೊಂಬತ್ತರ ದಶಕದ ಮೊದಲಿಗೆ ಅಲ್ಲಿನ ಕ್ಲಬ್ಬುಗಳಲ್ಲಿ ಜಂಗಲ್ ಎಂಬ ಹೆಸರಿನಲ್ಲಿ ಹಬ್ಬಿತ್ತು. ಬ್ರಿಸ್ಟಲ್ ಇದಕ್ಕೆ ಕೊಟ್ಟದ್ದು ತನ್ನದೇ ಒಂದು ಸಾವಧಾನ. ರಾನಿ ಸೈಜ್‌ನ ಜೊತೆಗಾರರಾದ ಕ್ರಸ್ಟ್, ಸುವ್ ಇಬ್ಬರೂ ಮೊದಲೇ ಪಳಗಿದವರು. ಅವರಿದ್ದ ಫ್ರೆಶ್ 4 ತಂಡದ ಹಾಡೊಂದು 1989ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಹತ್ತನೆಯ ಸ್ಥಾನಕ್ಕೇರಿತ್ತು. ಅದನ್ನು ರೂಪಿಸಿದ ಸ್ಮಿತ್ ಅಂಡ್ ಮೈಟಿ ಜೋಡಿಯೂ ಬ್ರಿಸ್ಟಲ್ಲಿನದೇ. ಡೈ ಎಂಬ ಇನ್ನೊಬ್ಬ ಗೆಳೆಯನೂ ಕೂಡಿಕೊಂಡ. ಇವರ ಧ್ವನಿಮುದ್ರಿಕೆ ಲಂಡನ್ನಿನ ಬ್ರಯನ್ ಗೀ, ಜಂಪಿಂಗ್ ಜ್ಯಾಕ್ ಫ್ರಾಸ್ಟ್ ಎಂಬಿಬ್ಬರ ಕೈಗೆ ಬಿತ್ತು. ಅವರು 1993ರಲ್ಲಿ ತೆರೆದ ವಿ ರೆಕಾರ್ಡಿಂಗ್ಸ್ ಬ್ರಿಸ್ಟಲ್ ಹುಡುಗರ ರೆಕಾರ್ಡುಗಳಿಂದಲೇ ಆರಂಭವಾಯಿತು. ತಾವೇ ಫುಲ್ ಸೈಕಲ್ ಎಂಬ ಸಂಸ್ಥೆಯನ್ನೂ ಕಟ್ಟಿಕೊಂಡರು. ಬ್ರಿಸ್ಟಲ್ ಬಿಟ್ಟು ಲಂಡನ್ನಿಗೆ ಹೋಗಿ ನೆಲೆಸದೆ, ಊರಲ್ಲೇ ಕೂತು ಮಾಡಿದ್ದು ಇವರ ಹೆಚ್ಚುಗಾರಿಕೆ.

ಆದರೆ ರಾನಿ ಸೈಜ್‌ನನ್ನು ಉಳಿದವರಿಂದ ಬೇರೆ ಮಾಡಿದ್ದು ಇದಲ್ಲ. ಯಂತ್ರದಲ್ಲಿ ಹುಟ್ಟಿದ ಈ ತಾಳವನ್ನು ಅವನು ಮನುಷ್ಯರ ಕೈಗೆ ವಾಪಸು ಕೊಟ್ಟ. ರೆಪ್ರೆಜೆಂಟ್ ಎಂಬ ತಂಡ ಕಟ್ಟಿ, ಕ್ಲೈವ್ ಡೀಮರ್ ಎಂಬ ಡ್ರಮ್ ವಾದಕನನ್ನು, ಸೈ ಜಾನ್ ಎಂಬ ಬೇಸ್ ವಾದಕನನ್ನು ಕೂರಿಸಿದ. ಒನಾಲಿ ಎಂಬ ಗಾಯಕಿ ಬಂದಳು. ಮಾತನ್ನೇ ತಾಳಕ್ಕೆ ಹೊಸೆಯುವ ಡೈನಮೈಟ್ ಬಂದ. ವೇಗ ಹೆಚ್ಚಿಸಿದ ತುಣುಕುಗಳಿಂದ ಕಟ್ಟಿದ ನಡೆಯನ್ನು ಡೀಮರ್ ವೇದಿಕೆಯ ಮೇಲೆ ಎರಡು ಕೈ, ಎರಡು ಕಾಲಿನಲ್ಲಿ ನುಡಿಸಬೇಕಿತ್ತು. ಮನುಷ್ಯನನ್ನು ಯಂತ್ರ ಅನುಕರಿಸಿತ್ತು, ಈಗ ಯಂತ್ರವನ್ನು ಮನುಷ್ಯ ಅನುಕರಿಸುವ ಸರದಿ! ಇದೇ ಡೀಮರ್ ಪೋರ್ಟಿಸ್‌ಹೆಡ್ ತಂಡಕ್ಕೂ, ಮುಂದೆ ರೇಡಿಯೊಹೆಡ್ ತಂಡಕ್ಕೂ ನುಡಿಸಿದವರು.

1997ರಲ್ಲಿ 'ನ್ಯೂ ಫಾರ್ಮ್ಸ್' ಹೊರಬಂತು. ಅದರ 'ಬ್ರೌನ್ ಪೇಪರ್ ಬ್ಯಾಗ್' ಕೇಳಿದವರಿಗೆ ಮರೆಯದಿರುವುದು ಆಳೆತ್ತರದ ಡಬಲ್ ಬೇಸ್‌ನ ತಂತಿ ಮೀಟಿದ ನಾದ. ಜಾಜ್ ಸಂಗೀತದ ಆ ಮರದ ವಾದ್ಯ ಈ ಓಟದ ನಡುವೆ ಹೇಗೆ ಬಂತೋ ಎನ್ನುವ ಬೆರಗಿನಲ್ಲೇ ಹಾಡು ಮುಗಿದಿರುತ್ತದೆ. ಶೀರ್ಷಿಕೆಯ ಹಾಡಿಗೆ ಫಿಲಡೆಲ್ಫಿಯದ ಬಹಮಾಡಿಯ ಎಂಬ ರ್‍ಯಾಪ್ ಕಲಾವಿದೆ ದನಿಗೂಡಿಸಿದ್ದಾಳೆ. ಜಾಜ್, ರೆಗೆ, ರ್‍ಯಾಪ್, ಸೋಲ್ ಎಲ್ಲ ಒಂದೇ ಮನೆಯಲ್ಲಿ ಬಾಡಿಗೆಗಿದ್ದ ಹಾಗೆ. ಸೇಂಟ್ ಪಾಲ್ಸ್‌ನ ಹಳೆಯ ಮನೆಗಳಲ್ಲಿ ಇದ್ದದ್ದೂ ಹಾಗೆಯೇ ತಾನೆ?

ಬ್ರಿಟನ್ನಿನಲ್ಲಿ ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಬಹುಮಾನದ ಕಣದಲ್ಲಿ ಆ ವರ್ಷ ಘಟಾನುಘಟಿಗಳೇ ಇದ್ದರು. ರೇಡಿಯೊಹೆಡ್‌ನ 'ಓಕೆ ಕಂಪ್ಯೂಟರ್', ಪ್ರಾಡಿಜಿ, ಕೆಮಿಕಲ್ ಬ್ರದರ್ಸ್, ಲೋಕವನ್ನೇ ಕುಣಿಸಿದ್ದ ಸ್ಪೈಸ್ ಗರ್ಲ್ಸ್. ಗೆದ್ದದ್ದು 'ನ್ಯೂ ಫಾರ್ಮ್ಸ್'. ರೇಡಿಯೊಹೆಡ್‌ಗೆ ಅನ್ಯಾಯವಾಯಿತು ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. 'ಓಕೆ ಕಂಪ್ಯೂಟರ್' ದೊಡ್ಡ ಕೃತಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಸ ರೂಪ ಎಂಬ ಹೆಸರಿಟ್ಟುಕೊಂಡು ನಿಜಕ್ಕೂ ಹೊಸ ರೂಪ ತೋರಿಸಿದ್ದನ್ನು ತೀರ್ಪುಗಾರರು ಗುರುತಿಸಿದರೆ ತಪ್ಪೇನು? ಕಾಲೇಜ್ ಗ್ರೀನ್‌ನಲ್ಲಿ ರಾಯರ ಪ್ರತಿಮೆ ನಿಂತ ವರ್ಷವೇ ಊರಿನ ಈ ಹುಡುಗನ ಹೆಸರೂ ಬ್ರಿಟನ್ನಿನ ಪತ್ರಿಕೆಗಳ ತುಂಬ ಬಂತು. ಬಹುಮಾನದ ಮೊತ್ತ 25 ಸಾವಿರ ಪೌಂಡು. ಅದರಲ್ಲೊಂದು ಪಾಲು ಹಿಂತಿರುಗಿ ಹೋದದ್ದು ಬೇಸ್‌ಮೆಂಟ್ ಪ್ರಾಜೆಕ್ಟಿಗೆ.

ಆ ಬಳಿಕ ಅವನು ಒಂದೇ ಕಡೆ ನಿಲ್ಲಲಿಲ್ಲ. 1999ರಲ್ಲಿ ಡೈ ಮತ್ತು ಲಿಯೋನಿ ಲಾಸ್ ಎಂಬ ಗಾಯಕಿಯೊಡನೆ ಬ್ರೇಕ್‌ಬೀಟ್ ಎರಾ ಎಂಬ ಬೇರೆಯೇ ತಂಡ ಮಾಡಿ ಒರಟು ಹಾಡುಗಳ ಆಲ್ಬಮ್ ತಂದ. 2000ದಲ್ಲಿ ರೆಪ್ರೆಜೆಂಟ್‌ನ ಎರಡನೆಯ ಆಲ್ಬಮ್ ಬಂತು. ಅದರಲ್ಲಿ ಮೆಥಡ್ ಮ್ಯಾನ್, ಜ್ಯಾಕ್ ಡಿ ಲಾ ರೋಚ ಮೊದಲಾದ ಅಮೆರಿಕದ ಕಲಾವಿದರಿದ್ದರು. 2002ರ 'ಟಚಿಂಗ್ ಡೌನ್' ಒಂಟಿಯಾಗಿ ಮಾಡಿದ್ದು, ಹೆಚ್ಚಾಗಿ ಹಾಡುಗಾರಿಕೆಯಿಲ್ಲದ್ದು. 2004ರ 'ರಿಟರ್ನ್ ಟು ವಿ'ಯಲ್ಲಿ ಮತ್ತೆ ಗಾಯಕರ ದಂಡು. ಮೊದಲಿನ ಎತ್ತರ ಮತ್ತೆ ಸಿಕ್ಕಿತೆಂದು ಹೇಳಲಾಗದು. 2008ರಲ್ಲಿ ತಂಡ ಮತ್ತೆ ಸೇರಿತು, 2014ರಲ್ಲಿ 'ಟೇಕ್ ಕಂಟ್ರೋಲ್' ಬಂತು. ನಡುವೆ ಡ್ರಮ್ ಅಂಡ್ ಬೇಸ್ ಫ್ಯಾಷನ್ನಿನಿಂದ ಹೊರಗೆ ಹೋಗಿ, ಹೊಸ ಪೀಳಿಗೆಯ ಕೈಯಲ್ಲಿ ಮತ್ತೆ ಒಳಗೆ ಬಂತು. ಏವನ್ ನದಿಯ ಊರಿನವರಿಗೆ ಇಂಥ ಏರಿಳಿತ ಹೊಸದೇನಲ್ಲ.

ಬ್ರಿಸ್ಟಲ್ ನೋಡಲು ಹೋಗುವವರಿಗೆ ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ರೈಲು ಅನುಕೂಲ. ಬ್ರುನೆಲ್ ಹಾಕಿದ ದಾರಿಯಲ್ಲೇ ಸುಮಾರು ಒಂದೂಮುಕ್ಕಾಲು ಗಂಟೆಯಲ್ಲಿ ಟೆಂಪಲ್ ಮೀಡ್ಸ್ ತಲುಪಿಸುತ್ತದೆ. ಸೇತುವೆ, ಹಡಗು ನೋಡಿಯಾದ ಮೇಲೆ ಅರ್ಧ ದಿನ ಸೇಂಟ್ ಪಾಲ್ಸ್‌ಗೆ ಮೀಸಲಿಡುವುದು ಒಳ್ಳೆಯದು. ಅಲ್ಲಿನ ಮನೆಗಳ ಪಕ್ಕದ ಗೋಡೆಗಳ ಮೇಲೆ ಬಸ್ ಹೋರಾಟದ, ಉತ್ಸವದ ಹಿರಿಯರ ಏಳು ದೊಡ್ಡ ಚಿತ್ರಗಳಿವೆ. ಬರೆದವರು ಮಿಶೆಲ್ ಕರ್ಟಿಸ್. ರಾಯ್ ಹ್ಯಾಕೆಟ್, ಓವನ್ ಹೆನ್ರಿ ಇಬ್ಬರೂ ಅಲ್ಲಿದ್ದಾರೆ. ಉತ್ಸವ ನಡೆಯುವ ವರ್ಷಗಳಲ್ಲಿ ಅದು ಸಾಮಾನ್ಯವಾಗಿ ಜುಲೈ ತಿಂಗಳ ಮೊದಲ ಶನಿವಾರ. ಮಕ್ಕಳನ್ನು ಕರೆದುಕೊಂಡು ಹೋಗುವವರು ಒಂದು ಲೆಕ್ಕ ನೆನಪಿಡಬೇಕು. 85 ಡೆಸಿಬೆಲ್ ಸದ್ದನ್ನು ಕಿವಿ ಎಂಟು ಗಂಟೆ ತಾಳಬಹುದು, ಮುಂದೆ ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. ಹೀಗಾಗಿ 100 ಡೆಸಿಬೆಲ್ಲಿಗೆ ಉಳಿಯುವುದು ಕಾಲು ಗಂಟೆ ಮಾತ್ರ. ಪೇರಿಸಿಟ್ಟ ಪೆಟ್ಟಿಗೆಗಳಿಂದ ನಾಲ್ಕು ಮನೆ ಆಚೆ ನಿಂತರೂ ಬೇಸ್ ತಲುಪಿಯೇ ತಲುಪುತ್ತದೆ. ಏಳು ಮೀಟರಿನ ಅಲೆಗೆ ಮೂಲೆ ಸುತ್ತಿ ಬರುವುದು ಕಷ್ಟವಲ್ಲ.